ರೇಣುಕಪ್ಪನ ಸ್ಪೇರ್ ಸಿಲಿಂಡರು

ಎನ್.ಆರ್. ಪುರದ ಗ್ಯಾಸ್ ಒಲೆ ರಿಪೇರಿ ರೇಣುಕಪ್ಪನಿಗೆ ಆವತ್ತು ಬಂದ ಕಷ್ಟಕ್ಕೆಲ್ಲ ಕಾರಣ ಅವನ ಬಾಯಿ. ಕೊಪ್ಪದ ನರ್ಸಿಂಗ್ ಹೋಮಿನಲ್ಲಿ ಡೆಂಗಿಯಾಗಿ ಮಲಗಿದ್ದ ಅವನ ಹೆಂಡತಿಯ ಅಣ್ಣ ಪ್ರಸನ್ನಕುಮಾರನ ಪ್ಲೇಟ್‌ಲೆಟ್ ಹದಿನಾಲ್ಕು ಸಾವಿರಕ್ಕೆ ಇಳಿದಿತ್ತು. ಮೂಗಿನಲ್ಲಿ ರಕ್ತ ಕಾಣಿಸಿತ್ತು. "ಶಿವಮೊಗ್ಗದಿಂದ ಒಂದು ಚೀಲ ಪ್ಲೇಟ್‌ಲೆಟ್ ಬೇಕು, ಯಾರು ಹೋಗ್ತೀರಿ?" ಎಂದು ಡಾಕ್ಟರು ಕೇಳಿದ್ದೇ, ನೆಂಟರೆಲ್ಲ ಮೊಬೈಲಿನಲ್ಲಿ ಏನೋ ಹುಡುಕತೊಡಗಿದರು. ಬಾಗಿಲ ಬಳಿಯಿಂದ ಒಂದು ದನಿ "ನಾನಿದೀನಲ್ಲ!" ಅಂದಿತು. ಯಾರಪ್ಪಾ ಈ ಧೈರ್ಯವಂತ ಎಂದು ಎಲ್ಲರ ಜೊತೆ ರೇಣುಕಪ್ಪನೂ ತಿರುಗಿ ನೋಡಿದ. ಮಾತಾಡಿದ್ದು ತಾನೇ ಎಂದು ಆಮೇಲೆ ಗೊತ್ತಾಯಿತು.

"ನೀವಾ?" ಅಂದಳು ಹೆಂಡತಿ ಗಂಗಾಂಬಿಕೆ.

ಆ ಎರಡಕ್ಷರದಲ್ಲಿ ಆರು ವರ್ಷದ ಇತಿಹಾಸವಿತ್ತು. ಭಾವನ ಹೊಸ ಮನೆಯ ಗೃಹಪ್ರವೇಶಕ್ಕೆ, ಹಾಲುಕ್ಕಿಸಲು ಒಲೆ ಮತ್ತು ಸಿಲಿಂಡರ್ ತನ್ನ ಜವಾಬ್ದಾರಿ ಎಂದು ಹೊತ್ತುಕೊಂಡು ಹೋದವನು ರೇಣುಕಪ್ಪ. ಮುಹೂರ್ತಕ್ಕೆ ಎಲ್ಲರೂ ಕೈಮುಗಿದು ನಿಂತಾಗ ಒಲೆ ಒಂದು ಸಲ ಬಿಕ್ಕಳಿಸಿ ಆರಿಹೋಯಿತು. ಸಿಲಿಂಡರ್ ಖಾಲಿ! ಅಂದಿನಿಂದ ಭಾವ ಯಾವ ಮಾತಿಗೆ ಕೂತರೂ ಪೀಠಿಕೆ ಅದೇ. ಇವತ್ತು ಆ ಭಾವನ ಜೀವವನ್ನೇ ಉಳಿಸಿಬಿಟ್ಟರೆ ಪೀಠಿಕೆ ಬದಲಾಗುತ್ತದೆ ಎಂಬುದು ರೇಣುಕಪ್ಪನ ಲೆಕ್ಕ.

"ನಾಲ್ಕು ದಿನದಿಂದ ಮೈಕೈ ನೋವು ಅಂತಿದ್ರಲ್ಲ?"

"ಸಿಲಿಂಡರ್ ಹೊರೋನಿಗೆ ಮೈಕೈ ನೋವು ಬರದೆ ಇನ್ನೇನು ಬರುತ್ತೆ?" ಎಂದು ಅವನು ಬಸ್ಸು ಹತ್ತಿದ. ಬೆಳಗ್ಗೆ ಹಲ್ಲುಜ್ಜುವಾಗ ಒಸಡಿನಲ್ಲಿ ರಕ್ತ ಬಂದದ್ದನ್ನು ಹೇಳಲಿಲ್ಲ. ಹೊಸ ಬ್ರಷ್ಷು, ಅಗ್ಗದ್ದು. ಹೇಳಿದ್ದರೆ ಅದಕ್ಕೂ ಬೈಗುಳ.

ಶಿವಮೊಗ್ಗದ ರಕ್ತನಿಧಿಯಲ್ಲಿ ಶಬಾನ ಎಂಬ ಟೆಕ್ನಿಷಿಯನ್ ಚೀಟಿ ನೋಡಿ, "ಬಿ ಪಾಸಿಟಿವ್ ಅಲ್ವಾ ಅಣ್ಣಾ?" ಅಂದಳು.

"ಹೌದಮ್ಮ, ನಂದೂ ಅದೇ. ನನಗೂ ನಮ್ಮ ಭಾವಂಗೂ ಹೊಂದೋದು ಅದೊಂದೇ."

ಅವಳು ಒಣಹುಲ್ಲಿನ ಬಣ್ಣದ ನೀರು ತುಂಬಿದ ಚೀಲವೊಂದನ್ನು ಅವನ ಕೈಗಿಟ್ಟಳು. "ಐಸಲ್ಲಿ ಇಡಬೇಡಿ. ಸುಮ್ನೆಯೂ ಇಡಬೇಡಿ, ಮೆತ್ತಗೆ ಅಲ್ಲಾಡಿಸ್ತಾ ಇರಿ. ಇವಕ್ಕೆ ಜೀವ ಇದೆ. ಒಂದೊಂದರೊಳಗೂ ಶಕ್ತಿ ಹೊರೋ ಅಣುಗಳಿರ್ತವೆ, ಎಟಿಪಿ, ಎಡಿಪಿ ಅಂತ. ಅವನ್ನ ಎರಡು ಕಡೆ ಇಟ್ಕೊಂಡಿರ್ತವೆ. ಒಂದು ದಿನದ ಖರ್ಚಿಗೆ, ಇನ್ನೊಂದು ಸಣ್ಣ ಸಣ್ಣ ಪೊಟ್ಟಣ ಕಟ್ಟಿಟ್ಟಿದ್ದು."

ರೇಣುಕಪ್ಪನ ಮುಖ ಅರಳಿತು. "ಒಲೆಗೆ ಹಾಕಿದ್ದೊಂದು, ಸ್ಪೇರ್ ಒಂದು!"

"ಹಂಗೇ ಅಂದ್ಕೊಳ್ಳಿ. ಆದ್ರೆ ಸ್ಪೇರ್ ಅಡುಗೆಗಲ್ಲ. ಗಾಯ ಆದಾಗ ಅದನ್ನ ಹೊರಗೆ ಬಿಡ್ತವೆ. ಅದು ತಾಗಿದ್ದೇ ಅಕ್ಕಪಕ್ಕದವೆಲ್ಲ ಓಡಿ ಬಂದು ಒಂದಕ್ಕೊಂದು ಅಂಟ್ಕೊಂಡು ತೂತು ಮುಚ್ತವೆ."

"ಗ್ಯಾಸ್ ವಾಸನೆಗೆ ನೆರೆಮನೆಯೋರು ಓಡಿ ಬಂದಂಗೆ. ಅಲ್ಲಮ್ಮ, ಎರಡರ ನಡುವೆ ಪೈಪ್ ಇಲ್ವಾ?"

"ಇದೆ, ಆದ್ರೆ ಬಹಳ ನಿಧಾನ. ಅಲ್ಲಿಂದಿಲ್ಲಿಗೆ, ಇಲ್ಲಿಂದಲ್ಲಿಗೆ ಸ್ವಲ್ಪ ಸ್ವಲ್ಪ ಬದಲಾಗ್ತಿರುತ್ತೆ. ಪೊಟ್ಟಣ ಒಮ್ಮೆ ಖಾಲಿ ಆದ್ರೆ ಕಥೆ ಮುಗೀತು. ಜೋರಾಗಿ ಕುಲುಕಿದ್ರೋ, ಗಾಯ ಆಯ್ತು ಅಂತ ಚೀಲದಲ್ಲೇ ಬಿಟ್ಬಿಡ್ತವೆ. ಅಲ್ಲಾಡಿಸದೆ ಇಟ್ರೆ ಉಸಿರುಕಟ್ಟಿ ದಿನದ ಖರ್ಚಿಂದೂ ಮುಗಿಯುತ್ತೆ."

ರೇಣುಕಪ್ಪ ಅಲ್ಲಿಂದಲೇ ಚೀಲವನ್ನು ಮೆತ್ತಗೆ ಅಲ್ಲಾಡಿಸತೊಡಗಿದ. ಮತ್ತೆ ಖಾಲಿ ಸಿಲಿಂಡರ್ ಹಿಡಿದು ಭಾವನ ಮುಂದೆ ನಿಲ್ಲುವುದೇ?

ಕೊಪ್ಪದ ಬಸ್ಸಿನಲ್ಲಿ ಅವನು ಚೀಲವನ್ನು ಎರಡೂ ಅಂಗೈ ಮೇಲೆ ಮಲಗಿಸಿಕೊಂಡು, ದೇವರಿಗೆ ಆರತಿ ಎತ್ತಲು ಬಾರದವನ ಹಾಗೆ ಅತ್ತಿತ್ತ ಆಡಿಸುತ್ತ ಕೂತ. ಪಕ್ಕದಲ್ಲಿ ಮೀನಿನ ವ್ಯಾಪಾರದ ಅಹ್ಮದ್, ಕಾಲ ಬಳಿ ಅವನ ಥರ್ಮಕೋಲ್ ಪೆಟ್ಟಿಗೆ.

"ಐಸ್ ಹಾಕಿ ಮಾರಾಯ್ರೇ. ಬಂಗುಡೆಯೇ ಕೆಡುತ್ತೆ, ಇದು ಕೆಡಲ್ವಾ?" ಅಹ್ಮದ್ ಪೆಟ್ಟಿಗೆಯ ಮುಚ್ಚಳ ತೆಗೆದೇಬಿಟ್ಟ. ರೇಣುಕಪ್ಪ ಚೀಲವನ್ನು ಎದೆಗವಚಿಕೊಂಡು ಕಿಟಕಿಯ ಕಡೆ ಸರಿದ. ಅಲ್ಲಿ ಕೂತಿದ್ದ ಸುಮಿತ್ರಮ್ಮ ಎಂಬ ಅಜ್ಜಿಯ ಕಾಲು ತುಳಿದ.

"ಅಯ್ಯೋ, ಹಾಗಲ್ಲ ತೂಗೋದು! ಒಂದು ಮಗುನಾದ್ರೂ ಎತ್ತಿದೀಯಾ? ಮೊಣಕೈಯಿಂದ ತೂಗು."

ಮೊಣಕೈಯಿಂದ ತೂಗಿದ. ಕಂಡಕ್ಟರ್ ವೀರೇಶ್ ಬಂದು ಚೀಲವನ್ನೇ ದಿಟ್ಟಿಸಿದ. "ಮಗೂಗೆ ಅರ್ಧ ಟಿಕೆಟ್ ಹರೀಲಾ?"

ಬಸ್ಸೆಲ್ಲ ನಕ್ಕಿತು. ರೇಣುಕಪ್ಪ ಸುಮ್ಮನಿರಬಹುದಿತ್ತು. ಆದರೆ ಅವನ ಬಾಯಿಯ ವಿಷಯ ನಿಮಗೆ ಗೊತ್ತೇ ಇದೆ. ಶಬಾನ ಹೇಳಿದ್ದನ್ನೆಲ್ಲ ಒಲೆ, ಸಿಲಿಂಡರ್, ರೆಗ್ಯುಲೇಟರ್ ಸಮೇತ ವಿವರಿಸಿದ. ನಗುತ್ತಿದ್ದವರು ಗಂಭೀರವಾದರು. ಆಮೇಲೆ ಒಂದೊಂದು ಹಂಪು ಬಂದಾಗಲೂ ಇಡೀ ಬಸ್ಸು ಡ್ರೈವರಿಗೆ ಕೂಗತೊಡಗಿತು: "ನಿಧಾನ ಮಾರಾಯ, ಸ್ಪೇರ್ ಸಿಲಿಂಡರ್ ಇದೆ!"

ಎನ್.ಆರ್. ಪುರದಲ್ಲಿ ಹತ್ತಿದ ಮಂಜಯ್ಯ ಎಂಬವರಿಗೆ ಹಿಂದಿನ ಕಥೆ ಏನು ಗೊತ್ತು? ಮುಂದಿನ ಹಂಪಿನಲ್ಲಿ ಅಹ್ಮದ್, "ನಿಧಾನ, ಸಿಲಿಂಡರ್ ಬಿಟ್ಕೊಳ್ಳುತ್ತೆ!" ಎಂದು ಕೂಗಿದ್ದೇ ತಡ, ಮಂಜಯ್ಯ, "ಗ್ಯಾಸ್! ಗ್ಯಾಸ್ ಲೀಕು!" ಎಂದು ಬಾಗಿಲಿಗೆ ಹಾರಿದರು. ವಿಷಯ ಗೊತ್ತಿದ್ದವರೂ ಅವರ ಹಿಂದೆಯೇ ಓಡಿದರು. ಸುಮಿತ್ರಮ್ಮ ಎಲ್ಲರಿಗಿಂತ ಮುಂದೆ. ನಲವತ್ತು ಜನ ಒಂದೇ ಬಾಗಿಲಲ್ಲಿ ಒಬ್ಬರಿಗೊಬ್ಬರು ಅಂಟಿ, ಗಾಳಿಯೂ ಆಡದಂತೆ ತೂತು ಮುಚ್ಚಿಬಿಟ್ಟರು. ಒಳಗೆ ಒಬ್ಬನೇ ಉಳಿದ ರೇಣುಕಪ್ಪ ಚೀಲ ತೂಗುತ್ತ ಬೆರಗಾಗಿ ನೋಡಿದ. ಆ ಹುಡುಗಿ ಹೇಳಿದ್ದು ಇದನ್ನೇ!

ಅರ್ಧ ಗಂಟೆ ಅಲ್ಲೇ ಹೋಯಿತು. ಮಂಜಯ್ಯನ ಬೈಗುಳ, ಅಹ್ಮದನ ಸಮಜಾಯಿಷಿ, ಜಾರಿಬಿದ್ದ ಬಂಗುಡೆಗಳನ್ನು ಆರಿಸಿ ತುಂಬಿದ್ದು, ಎಲ್ಲ ಮುಗಿದು ಬಸ್ಸು ಮತ್ತೆ ಹೊರಟಾಗ ಒಂದು ಅದ್ಭುತ ನಡೆಯಿತು. ಅಲ್ಲಿಯವರೆಗೆ ಸೋತು ಬೀಳುವಂತಿದ್ದ ರೇಣುಕಪ್ಪನ ಕೈಗಳು ಈಗ ತಾವಾಗಿಯೇ ತೂಗುತ್ತಿದ್ದವು. ಅವನು ಮನಸ್ಸು ಕೊಡುವುದೇ ಬೇಕಿರಲಿಲ್ಲ. ಆಹಾ, ವಿದ್ಯೆ ಕೈಗೆ ಹತ್ತುವುದೆಂದರೆ ಇದು ಎಂದುಕೊಂಡ. ಭುಜವೂ ತೂಗಿತು, ದವಡೆಯೂ ತೂಗಿತು.

"ಈಗ ನೋಡು ಎಷ್ಟು ಚೆಂದ ತೂಗ್ತಿದೀಯ," ಅಂದರು ಸುಮಿತ್ರಮ್ಮ.

ಕೊಪ್ಪದಲ್ಲಿ ಡಾಕ್ಟರು ಚೀಲವನ್ನು ಬೆಳಕಿಗೆ ಹಿಡಿದರು. ಒಳಗೆ ರೇಷ್ಮೆಯಂಥ ಸುಳಿ ಆಡಿತು. "ಭೇಷ್! ಒಂದೂ ಕೆಟ್ಟಿಲ್ಲ ರೇಣುಕಪ್ಪ."

ರೇಣುಕಪ್ಪ ಗಂಗಾಂಬಿಕೆಯ ಕಡೆ ನೋಡಿದ. ಮದುವೆಯ ದಿನವೂ ಅವಳು ಅವನನ್ನು ಅಷ್ಟು ಮೆಚ್ಚಿ ನೋಡಿರಲಿಲ್ಲ.

"ಆದ್ರೆ ನಿಮ್ಮ ಭಾವಂಗೆ ಬೇಡ," ಡಾಕ್ಟರು ಮುಂದುವರಿಸಿದರು. "ರಕ್ತ ನಿಂತಿದೆ. ಈಗ ಮೂವತ್ತೆರಡು ಸಾವಿರ, ತಾನಾಗೇ ಏರ್ತಿದೆ."

ಮಂಚದ ಮೇಲೆ ಭಾವ ದಿಂಬಿಗೊರಗಿ ಗಂಜಿ ಕುಡಿಯುತ್ತಿದ್ದ.

"ಅಲ್ರೀ, ಚೀಲ ಕೊಟ್ಟಾಯ್ತಲ್ಲ, ಕೈ ಯಾಕೆ ಇನ್ನೂ ಆಡಿಸ್ತಿದೀರಿ?" ಅಂದರು ಡಾಕ್ಟರು.

"ಅ... ಅಭ್ಯಾಸ ಆಗೋಯ್ತು ಡಾಕ್ಟ್ರೇ."

ಡಾಕ್ಟರು ಅವನ ಹಣೆ ಮುಟ್ಟಿ ಕೈ ಹಿಂದೆಳೆದುಕೊಂಡರು. "ಅಭ್ಯಾಸ ಅಲ್ರೀ ಇದು, ಚಳಿಜ್ವರ! ಬಾಯಿ ತೆಗೀರಿ. ಒಸಡಿನಲ್ಲಿ ರಕ್ತ ಎಷ್ಟು ಹೊತ್ತಿಂದ?"

"ಹೊ... ಹೊಸ ಬ್ರಷ್ಷು..."

ರಕ್ತ ತೆಗೆದು ನೋಡಿದರು. ಒಂಬತ್ತು ಸಾವಿರ.

ಸ್ವಲ್ಪ ಹೊತ್ತಿನಲ್ಲಿ ಭಾವನ ಪಕ್ಕದ ಮಂಚದಲ್ಲಿ ರೇಣುಕಪ್ಪ ಮಲಗಿದ್ದ. ಮೇಲೆ, ಅವನೇ ಮಗುವಿನಂತೆ ತೂಗಿ ತಂದ ಚೀಲ ನೇತಾಡುತ್ತಿತ್ತು. ಕೆಳಗಿನ ನಳಿಗೆಯಲ್ಲಿ ಹನಿ ಹನಿಯಾಗಿ ಅವನೊಳಗೇ ಇಳಿಯುತ್ತಿತ್ತು. ಸುದ್ದಿ ತಿಳಿದು ನೆಂಟರೆಲ್ಲ ಮಂಚದ ಸುತ್ತ ಒತ್ತಿ ನಿಂತರು. ಅವರನ್ನು ಸರಿಸಿ ಪ್ರಸನ್ನಕುಮಾರ ಗಂಜಿ ಲೋಟ ಕೆಳಗಿಟ್ಟ, ಗಂಟಲು ಸರಿಮಾಡಿಕೊಂಡ.

"ನೋಡಿ ಇವನ ಬುದ್ಧೀನ! ಗೃಹಪ್ರವೇಶದ ದಿನ ನಮಗೆ ಖಾಲಿ ಸಿಲಿಂಡರ್ ಕೊಟ್ಟ. ಇವತ್ತು ತುಂಬಿದ್ದು ತಂದು ತಾನೇ ಇಟ್ಕೊಂಡ!"