ಒಂದು ದಿನ ತಡವಾಗಿ ಬಂದ ಯುಗಾದಿ

ನನಗೆ ಪಂಚಾಂಗದ ಹುಚ್ಚು. ಇದನ್ನು ನನ್ನ ಹೆಂಡತಿ ಗೌರಮ್ಮ ಓಣಿಗೆಲ್ಲ ಸಾರಿದ್ದಾಳೆ; ನಾನೂ ಒಪ್ಪಿಕೊಂಡುಬಿಟ್ಟರೆ ಅವಳಿಗೆ ಸಮಾಧಾನ. ಆದರೆ ತಪ್ಪು ನನ್ನದೊಬ್ಬನದೇ ಅಲ್ಲ. ಹೊಸಪೇಟೆಯ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾದವನಿಗೆ ವರ್ಷ ಒಂದೇ ಸಲ ಹುಟ್ಟುವುದಿಲ್ಲ. ಇಂಗ್ಲಿಷ್ ದೊರೆಗಳಿಗೆ ಅದು ಜನವರಿಯಲ್ಲಿ. ಅವತ್ತು ಅವರ ಕೈಗೆ ಕಾಣಿಕೆ ಕೊಡಲು ನಿಂಬೆಹಣ್ಣು ಹಿಡಿದು ಸಾಲಿನಲ್ಲಿ ನಿಲ್ಲಬೇಕು. ಕಂದಾಯದ ಕಾಗದಗಳಿಗೆ ಜುಲೈಯಲ್ಲಿ ಫಸಲಿ ವರ್ಷ. ತಹಶೀಲ್ದಾರರು ತಮಿಳರು, ನಮ್ಮ ಯುಗಾದಿ ಮುಗಿದ ಮೇಲೆ ಅವರದು. ಬಜಾರಿನ ಮಾರವಾಡಿಗೆ ದೀಪಾವಳಿ ಪಾಡ್ಯ. ಪಕ್ಕದ ಮನೆಯ ದರ್ಜಿ ಸಾಹೇಬರಿಗೆ ಮೊಹರಂ. “ನಿಮ್ಮ ವರ್ಷ ಅಳೂದ್ರಿಂದನ ಸುರು ಆಗತೈತಲ್ರೀ?” ಎಂದು ಒಮ್ಮೆ ಕೇಳಿದೆ. “ಮೊದ್ಲ ಅತ್ತುಬಿಟ್ರ ಮುಂದ ಹಗುರ ನೋಡ್ರಿ” ಎಂದರು. ಆಗ ನಾನು ನಕ್ಕಿದ್ದೆ.

ಇಷ್ಟೊಂದು ವರ್ಷಗಳನ್ನು ತಲೆಯಲ್ಲಿ ಹೊತ್ತ ನಾನು ಯುಗಾದಿಯ ವಿಷಯದಲ್ಲಿ ಮಾತ್ರ ಎರಡು ಮಾತು ಸಹಿಸುತ್ತಿರಲಿಲ್ಲ. ನನ್ನ ಪಂಚಾಂಗ ಹೇಳಿದ ದಿನವೇ ಯುಗಾದಿ. ಕಂಪ್ಲಿಯಲ್ಲಿ ಅಕ್ಕಿ ಅಂಗಡಿ ಇಟ್ಟಿದ್ದ ನನ್ನ ತಮ್ಮ ಬಸಣ್ಣನ ಮನೆಯಲ್ಲಿ ಬೇರೆ ಪಂಚಾಂಗ. ಅವೆರಡೂ ಅಪರೂಪಕ್ಕೊಮ್ಮೆ ಎರಡು ಗಳಿಗೆ ಜಗಳವಾಡಿ, ಪಾಡ್ಯವನ್ನು ಒಂದು ದಿನ ಆಚೆ ಈಚೆ ಮಾಡುತ್ತಿದ್ದವು.

ಬಸಣ್ಣನಿಗೂ ನನಗೂ ಎರಡು ವರ್ಷ ಮಾತಿರಲಿಲ್ಲ. ಅವನ ಮಗಳ ಮದುವೆಯ ಪಂಕ್ತಿಯಲ್ಲಿ ಕೂತು, ಸಾರು ತುಂಗಭದ್ರೆಯಷ್ಟೇ ತಿಳಿಯಾಗಿದೆ ಎಂದು ನಾನು ಹತ್ತು ಜನರಿಗೆ ಕೇಳುವಂತೆ ಹೇಳಿದ್ದೆ. ನನ್ನ ಹಾಸ್ಯಕ್ಕೆ ನಾನೊಬ್ಬನೇ ನಕ್ಕೆ. ಕೊನೆಗೆ ಗೌರಮ್ಮನೇ ಹೇಳಿಕಳಿಸಿದಳು: ಯುಗಾದಿಗೆ ಬಾ, ಅಣ್ಣ ತಮ್ಮ ಒಟ್ಟಿಗೆ ಬೇವು-ಬೆಲ್ಲ ತಿಂದು ಹಿಂದಿನದನ್ನು ಮರೆತುಬಿಡಿ. ಹಬ್ಬದ ದಿನ ಬರುತ್ತೇನೆಂದು ಅವನಿಂದ ಉತ್ತರವೂ ಬಂತು.

ಹಬ್ಬದ ದಿನ ಹೋಳಿಗೆ ಆರಿತು, ಬಸಣ್ಣ ಬರಲಿಲ್ಲ. ಸಂಜೆಯವರೆಗೆ ಕಾದು, ಉಂಡು, ಸಿಟ್ಟಾಗಿ ಮಲಗಿದೆ. ಮರುದಿನ ಮಧ್ಯಾಹ್ನ ಮನೆ ಮುಂದೆ ಬಂಡಿ ನಿಂತಿತು. ಹೊಸ ಧೋತರ, ಹಣೆ ತುಂಬ ವಿಭೂತಿ, ಕೈಯಲ್ಲಿ ಹಿತ್ತಾಳೆ ಬಟ್ಟಲು. “ನಸುಕಿನ್ಯಾಗ ಬಿಟ್ಟೆ ಅಣ್ಣಾ. ಬುಕ್ಕಸಾಗರದಾಗ ಎತ್ತಿಗೆ ನೀರು ಕುಡಿಸಿದ್ದಷ್ಟ. ತೊಗೊ, ಬೇವು-ಬೆಲ್ಲ” ಎಂದ.

“ಹಬ್ಬ ನಿನ್ನೆ ಆಗಿಹೋತಲ್ಲೋ!” ಎಂದೆ.

“ಇವತ್ತಲ್ಲೇನು ಪಾಡ್ಯ?”

ತಮ್ಮ ಎರಡು ವರ್ಷದ ಮೇಲೆ ಹೊಸಿಲಲ್ಲಿ ನಿಂತಿದ್ದಾನೆ, ನಾನು ಒಳಗೆ ಓಡಿ ತಂದದ್ದು ಪಂಚಾಂಗ! ಬೆರಳಿಟ್ಟು ಗಳಿಗೆ ತೋರಿಸಿದೆ. ಕಂಪ್ಲಿಗೆ ಸೂರ್ಯ ಒಂದು ದಿನ ತಡವಾಗಿ ಬರುತ್ತಾನೇನು ಎಂದೆ. ಅವನು ನಗುತ್ತಲೇ ಬಟ್ಟಲು ಮುಂದೆ ಹಿಡಿದ. “ಇರ್ಲಿ ಬಿಡಣ್ಣಾ, ಒಂದು ಚೂರು ತಿನ್ನು.”

“ಹಬ್ಬದ ಮರುದಿನ ತಿಂದ್ರ ಅದು ಬೇವು-ಬೆಲ್ಲ ಅಲ್ಲ, ಔಷಧ. ನನಗೇನು ಜಡ್ಡಾಗಿಲ್ಲ” ಎಂದುಬಿಟ್ಟೆ.

ಅವನ ನಗು ನಿಂತಿತು. ಬಟ್ಟಲನ್ನು ಕಟ್ಟೆಯ ಮೇಲಿಟ್ಟ. ಊಟಕ್ಕೆ ಕೂತ್ಕೋ ಎಂದು ಗೌರಮ್ಮ ಸೆರಗೊಡ್ಡಿ ಬೇಡಿದಳು. “ಬ್ಯಾಡ ಅತ್ತಿಗಿ. ಮುಂದಿನ ವರ್ಷ ಅಣ್ಣನ ಪಂಚಾಂಗ ಕೇಳಿಕೊಂಡ ಬರ್ತೀನಿ” ಎಂದು ಬಂಡಿ ಹತ್ತಿದ.

ಅವನಿಗೆ ಮುಂದಿನ ವರ್ಷ ಬರಲಿಲ್ಲ. ಮಳೆಗಾಲದ ಜ್ವರ ನಾಲ್ಕೇ ದಿನದಲ್ಲಿ ಮುಗಿಸಿಬಿಟ್ಟಿತು. ಕಂಪ್ಲಿಗೆ ಹೋದಾಗ ಅವನ ಹೆಂಡತಿ ಬಾಗಿಲ ಮರೆಯಲ್ಲಿ ನಿಂತು ಹೇಳಿದಳು: “ಅವತ್ತು ಯುಗಾದಿಗೆ ಅವರು ಏನೂ ತಿನ್ನಲಾರ್ದ ನಿಮ್ಮ ಮನಿಗೆ ಬಂದಿದ್ರು ಭಾವಾರ. ಮೊದ್ಲ ಅಣ್ಣನ ಕೈಲೆ ಬೇವು-ಬೆಲ್ಲ ತಿಂತೀನಿ ಅಂತ ಹಟ ಹಿಡಿದಿದ್ರು. ಹಂಗ ಉಪಾಸ ತಿರುಗಿ ಬಂದ್ರು.” ಹಬ್ಬದ ದಿನ ನನ್ನ ತಮ್ಮನನ್ನು ನಾನು ಹಸಿದ ಹೊಟ್ಟೆಯಲ್ಲಿ ಹಿಂದಕ್ಕೆ ಕಳಿಸಿದ್ದೆ. ಅವರ ಅಂಗಳದಲ್ಲಿ ಕೂತು, ಐವತ್ತರ ಗಂಡಸು ನಾನು, ಚಿಕ್ಕ ಮಕ್ಕಳ ಹಾಗೆ ಅತ್ತೆ. ದರ್ಜಿ ಸಾಹೇಬರು ಹೇಳಿದಂತೆ ಹಗುರವೇನೂ ಆಗಲಿಲ್ಲ.

ಈಗ ಎರಡೂ ಪಂಚಾಂಗ ತರಿಸುತ್ತೇನೆ. ಯುಗಾದಿ ಎರಡು ದಿನ ಬಿದ್ದರೆ ಎರಡನ್ನೂ ಮಾಡುತ್ತೇನೆ. ಎರಡನೆಯ ದಿನ ಏನೂ ತಿನ್ನದೆ ಮಧ್ಯಾಹ್ನದವರೆಗೆ ಕಟ್ಟೆಯ ಮೇಲೆ ಕೂತು ಕಂಪ್ಲಿಯ ದಾರಿ ನೋಡುತ್ತೇನೆ. ಆದರೆ ಹಾಳಾದವು, ಹೆಚ್ಚಿನ ವರ್ಷಗಳಲ್ಲಿ ಎರಡೂ ಪಂಚಾಂಗ ಒಂದೇ ದಿನ ಹೇಳುತ್ತವೆ. ಆಗ, ಗಳಿಗೆ ತಪ್ಪಿದ್ದಕ್ಕೆ ತಮ್ಮನನ್ನೇ ಹೊರಗೆ ಕಳಿಸಿದ ಈ ಮಹಾಶಯ, ಇಬ್ಬರು ಪಂಚಾಂಗದವರಲ್ಲಿ ಒಬ್ಬನಾದರೂ ಗಳಿಗೆ ತಪ್ಪಬಾರದಿತ್ತೇ ಎಂದು ಅವರನ್ನು ಬೈಯುತ್ತಾ ಕೂಡುತ್ತಾನೆ.