ಚೇಚಿಯ ಬಚ್ಚಲಿನೊಳಗೆ ಹಾದ ಗಡಿ

ಪಾಠ ಹೇಳಿ ಬದುಕುವವರಿಗೆ ಒಂದು ದೊಡ್ಡ ಅನುಕೂಲವಿದೆ: ಹೇಳಿದ್ದನ್ನು ತಾವೇ ಮಾಡಿ ತೋರಿಸಬೇಕಾದ ಪ್ರಸಂಗ ಬರುವುದು ಅಪರೂಪ. ನಾನು ಎರ್ನಾಕುಲಂನ ಸಣ್ಣ ಕಂಪನಿಯೊಂದರಲ್ಲಿ, ಮೊಬೈಲ್ ಆ್ಯಪ್ ಹಿಡಿದು ಜಮೀನು ಅಳೆಯುವುದು ಹೇಗೆಂದು ಸರ್ವೆಯರುಗಳಿಗೆ ಹೇಳಿಕೊಡುತ್ತೇನೆ. ಎ.ಸಿ. ಕೋಣೆ, ಪರದೆ, ನಡುನಡುವೆ ಚಹಾ. "ಕೋಲಿನ ತುದಿಯಲ್ಲಿ ಅಣಬೆಯಂತೆ ಕೂತ ಈ ರಿಸೀವರ್ ಉಪಗ್ರಹಗಳ ಸಂಕೇತ ಹಿಡಿದು, ತಾನೆಲ್ಲಿದ್ದೇನೆಂದು ಮೊಬೈಲಿಗೆ ಹೇಳುತ್ತದೆ, ಅಷ್ಟೇ" ಎನ್ನುತ್ತಿದ್ದೆ. ಆ "ಅಷ್ಟೇ"ಯನ್ನು ಈಚೆಗೆ ಬಿಟ್ಟಿದ್ದೇನೆ.

ನಮ್ಮವರಿಗೆ ತಿರುವನಂತಪುರದ ಬಾಹ್ಯಾಕಾಶ ಸಂಸ್ಥೆಯೊಂದರಲ್ಲಿ ಕೆಲಸ, ಮನೆ ಪಟ್ಟಂನಲ್ಲಿ. ವಾರದ ಕೊನೆಗೆ ನಾನು ರೈಲು ಹತ್ತಿ ಅಲ್ಲಿನ ತಂಪಾನೂರು ನಿಲ್ದಾಣದಲ್ಲಿ ಇಳಿಯುತ್ತೇನೆ. ಊರಾಚೆ ನಮ್ಮದೊಂದು ಐದು ಸೆಂಟಿನ ಜಾಗವಿದೆ. ಪಕ್ಕದ ಮನೆಯಲ್ಲಿ ಸುಭದ್ರಾ ಚೇಚಿ, ಅಂದರೆ ಸುಭದ್ರಕ್ಕ, ನಿವೃತ್ತ ಶಾಲಾ ಟೀಚರ್. ಜಾಗ ನೋಡಲು ಹೋದಾಗಲೆಲ್ಲ ಊಟ ಅವರಲ್ಲೇ. ಮೀನು ತಿನ್ನದ ನಮಗಾಗಿ ಬೇರೆಯೇ ಪುಳಿಶ್ಶೇರಿ ಕುದಿಸಿ, ನಮ್ಮ ಮೈಸೂರಿನ ಮಜ್ಜಿಗೆಹುಳಿಗಿಂತ ಇದೇ ಮೇಲೆಂದು ನನ್ನ ಬಾಯಿಂದಲೇ ಹೇಳಿಸುವ ಗಟ್ಟಿಗಿತ್ತಿ.

ಒಂದು ದಿನ ಅವರು ಮಗಳೇ ಎಂಬ ಸಲಿಗೆಯಲ್ಲಿ, "ಮೋಳೇ, ನಡುವೆ ಕಾಂಪೌಂಡ್ ಕಟ್ಟಿಸಬೇಕು. ಮೆಷಿನ್ ನಿನ್ನ ಹತ್ತಿರವೇ ಇದೆಯಲ್ಲ, ನೀನೇ ಗುರುತು ಹಾಕು" ಎಂದರು. ಬೇರೆಯವರನ್ನು ಕರೆಸಿ ಎನ್ನಲು ಬಾಯಿ ಬರಲಿಲ್ಲ. ಮುಂದಿನ ಶನಿವಾರವೇ ಹೋದೆವು.

ಇದರಲ್ಲಿ ರಿಸೀವರ್ ಎರಡು. ಒಂದು ಅಲ್ಲಾಡದೆ ನಿಂತಿರಬೇಕು, ಅದು ಬೇಸ್. ಇನ್ನೊಂದನ್ನು ಹಿಡಿದು ನಾವು ಅಲೆಯಬೇಕು; ಅದರ ಲೆಕ್ಕವೆಲ್ಲ ಬೇಸಿನಿಂದಲೇ. ಸರ್ವೆ ದಾಖಲೆಯಲ್ಲಿದ್ದ ನಮ್ಮ ಮೂಲೆಗಳನ್ನು ಆ್ಯಪಿಗೆ ತುಂಬಿ ಬೇಸ್ ನಿಲ್ಲಿಸಿದೆ. ಆ್ಯಪ್ ಏನೋ ಕೇಳಿತು, "ಸರಿ" ಒತ್ತಿದೆ. ಕೋಲು ಹಿಡಿದು ಹಲಸಿನ ಮರದ ಕೆಳಗೆ ಹೋದರೆ ಪರದೆಯ ಮೇಲೆ "ಫ್ಲೋಟ್". ಅಂದರೆ ಲೆಕ್ಕ ಇನ್ನೂ ತೇಲುತ್ತಿದೆ, ನಂಬಬೇಡ ಎಂದರ್ಥ. ಒಮ್ಮೆ ನಮ್ಮ ಮೂಲೆ ಚೇಚಿಯ ಕೋಳಿಗೂಡಿನಲ್ಲಿತ್ತು, ಮರುಕ್ಷಣ ರಸ್ತೆಯಲ್ಲಿ.

"ನಿಮ್ಮ ಉಪಗ್ರಹಗಳಿಗೆ ಏನಾಗಿದೆ?" ಎಂದು ಗಂಡನ ಮೇಲೆ ರೇಗಿದೆ.

"ನನ್ನನ್ನೇನು ಕೇಳ್ತೀಯ? ನಾನು ಇರೋದು ರಾಕೆಟ್ ಇಂಧನದ ವಿಭಾಗದಲ್ಲಿ" ಎಂದರು.

ಕೊನೆಗೆ ಮರದಿಂದಾಚೆ ಬಂದಾಗ "ಫಿಕ್ಸ್ಡ್" ಎಂದು ಹಸಿರು ಹತ್ತಿತು. ಇನ್ನು ತಪ್ಪು ಎರಡು ಸೆಂಟಿಮೀಟರು ದಾಟುವುದಿಲ್ಲ ಎಂದು ಘೋಷಿಸಿ, ಸುಣ್ಣದ ಗೆರೆ ಎಳೆಯುತ್ತ ಹೋದೆ. ಗೆರೆ ನೇರವಾಗಿ ಹೋಗಿ ಚೇಚಿಯ ಹಿತ್ತಲ ಬಚ್ಚಲುಮನೆಯ ಗೋಡೆಗೆ ಬಡಿಯಿತು. ಆ್ಯಪಿನ ಪ್ರಕಾರ ಹಂಡೆ ನಮ್ಮದು, ಬಾಗಿಲು ಅವರದು.

ಚೇಚಿ ಅವತ್ತು ಊಟಕ್ಕೆ ಕರೆಯಲಿಲ್ಲ. ನಮ್ಮವರಿಗೆ ಚಹಾ ಬಂತು, ನನಗೆ ನೀರು.

ಪಟ್ಟಂಗೆ ಹಿಂತಿರುಗುವ ಬಸ್ಸಿನಲ್ಲಿ ಹೊಟ್ಟೆ ಚುರುಗುಟ್ಟುತ್ತಿರುವಾಗ ಹೊಳೆಯಿತು: ಆ್ಯಪ್ ಕೇಳಿದ್ದು, "ಬೇಸ್ ನಿಂತ ಜಾಗ ಯಾವುದೆಂದು ಗೊತ್ತೇ, ಇಲ್ಲ ಅಂದಾಜು ಹಾಕಲೇ?" ಎಂದು. ನಾನು ಅಂದಾಜಿಗೆ ಸರಿ ಅಂದಿದ್ದೆ. ಬೇಸೇ ನಾಲ್ಕು ಹೆಜ್ಜೆ ಪಕ್ಕಕ್ಕಿದ್ದರೆ ಇಡೀ ನಿವೇಶನ ಅದರ ಹಿಂದೆ ನಡೆಯುತ್ತದೆ, ಬಹಳ ನಿಖರವಾಗಿ. ಭಾನುವಾರ ಮತ್ತೆ ಹೋಗಿ, ಸ್ಥಾನದ ಲೆಕ್ಕ ಗೊತ್ತಿದ್ದ ಸರ್ವೆ ಕಲ್ಲಿನ ಮೇಲೆ ಬೇಸ್ ಇಟ್ಟು ಅಳೆದೆ. ಬಚ್ಚಲು ಪೂರ್ತಿ ಚೇಚಿಯದೇ. ನಮ್ಮವರು ಪ್ರೀತಿಯಿಂದ ನೀರೆರೆದು ಬೆಳೆಸಿದ ಕರಿಬೇವಿನ ಗಿಡವೂ ಚೇಚಿಯದೇ.

"ಅಯ್ಯೋ, ಗಿಡ ಯಾರದಾದರೇನು, ಬೇಕಾದಾಗ ಕಿತ್ತುಕೋ ಮೋಳೇ" ಎಂದು ಚೇಚಿ ನಕ್ಕರು. ಪುಳಿಶ್ಶೇರಿಯೂ ಬಂತು. ಎಲ್ಲ ಸರಿಹೋಯಿತೆಂದು ನಿಶ್ಚಿಂತೆಯಿಂದ ಎರ್ನಾಕುಲಂಗೆ ಮರಳಿದೆ.

ಆ ಗುರುವಾರ ಆಫೀಸಿನಲ್ಲಿದ್ದಾಗ, ನಮ್ಮಲ್ಲಿ ತರಬೇತಿ ಪಡೆದ ಸರ್ವೆಯರೊಬ್ಬರ ಫೋನು. "ಮೇಡಂ, ಇಲ್ಲೊಂದು ಜಾಗ ಅಳೀತಿದೀನಿ. ಹಲಸಿನ ಮರದ ಕೆಳಗೆ ಫ್ಲೋಟ್ ಅಂತಲೇ ತೋರಿಸ್ತಿದೆ. ಪಾಪ, ಈ ಟೀಚರಿಗೆ ಯಾರೋ ಬಂದು ಏನೇನೋ ಅಳೆದು ಗಾಬರಿ ಮಾಡಿ ಹೋಗಿದಾರಂತೆ."

ಅವರ ಹಿಂದಿನಿಂದ ಪರಿಚಿತ ದನಿ ಕೇಳಿಸಿತು: "ಯಾರ ಹತ್ತಿರ ಕೇಳ್ತಿದೀಯ ಮೋನೇ?"

"ನಮಗೆಲ್ಲ ಇದನ್ನು ಕಲಿಸಿದ ಮೇಡಂ ಹತ್ತಿರ, ಚೇಚೀ. ಬಹಳ ದೊಡ್ಡ ಎಕ್ಸ್‌ಪರ್ಟು. ಫೋನ್ ಕೊಡಲಾ, ಮಾತಾಡ್ತೀರಾ?"

ಸಿಗ್ನಲ್ ಸರಿಯಿಲ್ಲ ಎಂದು ಕೂಗಿ ಫೋನಿಟ್ಟೆ.