ಉಡಿಗೆ ಬಿದ್ದ ನಾನೂರು ಕಡಲೆ

ಸುಟ್ಟ ಮೋಟರಿಗೆ ಹೊಸ ತಂತಿ ಸುತ್ತಿ ಜೀವ ಕೊಡುವುದರಲ್ಲಿ ಬೆಂಗೇರಿಯ ಗೌಸಮೊದ್ದೀನನನ್ನು ಮೀರಿಸುವವರಿರಲಿಲ್ಲ. ಆದರೆ ಯಾವುದೇ ವಸ್ತುವನ್ನು ‘ಸ್ವಲ್ಪ ನೋಡಿಕೋ’ ಎಂದು ಅವನಿಗೆ ಒಪ್ಪಿಸಿದರೆ ಅದರ ಕತೆ ಮುಗಿದಂತೆಯೇ. ಹಾಲು ನೋಡಿಕೋ ಎಂದರೆ ಹಾಲು ಉಕ್ಕಿ ಒಲೆ ಆರುತ್ತಿತ್ತು. ಹೆಂಡತಿಯ ತಮ್ಮನ ಮದುವೆಯಲ್ಲಿ ಚಪ್ಪಲಿ ನೋಡಿಕೋ ಎಂದಿದ್ದಕ್ಕೆ ಎರಡೂ ಎಡಗಾಲಿನವನ್ನೇ ಮನೆಗೆ ತಂದಿದ್ದ. ಇಂಥವನ ಅಂಗಡಿಗೆ ಶ್ರಾವಣದ ಮೊದಲ ಶುಕ್ರವಾರ ಬೆಳಿಗ್ಗೆ ಮಗಳು ಯಾಸ್ಮಿನ ಮೂರು ತಟ್ಟೆ ಕಡಲೆ ತಂದಿಟ್ಟಳು.

ಯಾಸ್ಮಿನ ಧಾರವಾಡದಲ್ಲಿ ಕೃಷಿ ಎಂ.ಎಸ್ಸಿ. ಓದುತ್ತಿದ್ದಳು. ಮಳೆ ಕೈಕೊಟ್ಟ ಹೊಲದಲ್ಲೂ ಕಡಲೆ ಮೊಳೆಯಬೇಕಾದರೆ ಬಿತ್ತುವ ಮೊದಲು ಬೀಜಕ್ಕೆ ಏನು ಉಪಚಾರ ಮಾಡಬೇಕು ಎಂಬುದು ಅವಳ ಪ್ರಬಂಧದ ವಿಷಯ.

“ಅಬ್ಬಾ, ಸರಿಯಾಗಿ ಕೇಳ್ರಿ. ಬಿಳಿ ಚೀಟೀದು ಒಣಾ ಬೀಜ, ಏನೂ ಮಾಡಿಲ್ಲ. ನೀಲಿ ಚೀಟೀದು ಬರೇ ನೀರಾಗ ನೆನಿಸಿದ್ದು. ಕೆಂಪು ಚೀಟೀದು ಔಷಧದ ನೀರಾಗ ನೆನಿಸಿದ್ದು. ಒಂದೊಂದ್ರಾಗ ನಾನೂರು ಕಾಳು, ಎಣಿಸಿ ಇಟ್ಟೇನಿ. ಬಿಸಲಿಗೆ ಇಡಬ್ಯಾಡ್ರಿ, ನೆರಳಾಗ ಫ್ಯಾನಿನ ಗಾಳಿಗೆ ಒಣಗಲಿ. ಸಂಜಿ ಆರಕ್ಕ ಬಂದು ಒಯ್ತೇನಿ.”

“ನೆನಿಸೋದು ಯಾಕ, ಮತ್ತ ಒಣಗಿಸೋದು ಯಾಕವಾ?”

“ನೆನಸಿದ್ರ ಬೀಜಕ್ಕ ಎಚ್ಚರ ಆಗ್ತೈತಿ. ಒಣಗಿಸಿದ್ರ ಅರ್ಧಾ ಎಚ್ಚರದಾಗ ಮಲ್ಕೊಂಡಿರತೈತಿ. ಮುಂದ ಹೊಲದಾಗ ಎರಡು ಹನಿ ನೀರು ಸಿಕ್ರೂ ಲಗೂನ ಎದ್ದು ಕುಂಡ್ರತೈತಿ.”

“ಅಂದ್ರ ನಾ ಮಧ್ಯಾಹ್ನ ಮಲಗಿದಾಂಗ” ಎಂದ ಗೌಸಮೊದ್ದೀನ. ವಿಷಯ ಅವನಿಗೆ ಪೂರ್ತಿ ಅರ್ಥವಾಗಿತ್ತು.

ಹಿಂದಿನ ಸಲದ ಬೀಜವನ್ನು ಹಾಸ್ಟೆಲ್ಲಿನ ಇಲಿಗಳು ತಿಂದು ತೇಗಿದ್ದವು. ಆ ಹೊಸ ತಳಿಯ ಕಡಲೆ ಅವಳ ಗೈಡ್ ಸಾಹೇಬರ ಹತ್ತಿರ ಉಳಿದಿದ್ದೇ ಇಷ್ಟು. ಇದೂ ಹಾಳಾದರೆ ಅವಳ ಒಂದು ವರ್ಷ ಹೋದಂತೆ. ಗದಗಿಗೆ ತವರಿಗೆ ಹೋಗಿದ್ದ ತಾಯಿ ರಾಜಬಿ ಫೋನಿನಲ್ಲೇ ತಲೆ ಚಚ್ಚಿಕೊಂಡಿದ್ದಳು: “ಅವರ ಕೈಯಾಗ ಕೊಡಬ್ಯಾಡ, ಇಲೀನ ವಾಸಿ.” ಆದರೂ ಯಾಸ್ಮಿನ ಉಳಿದ ಔಷಧದ ಬಾಟಲಿಯನ್ನು ಮೂಲೆಗಿಟ್ಟು, “ನಮ್ಮ ಅಬ್ಬಾನ ಮ್ಯಾಲೆ ನನಗ ನಂಬಿಕಿ ಐತಿ” ಎಂದು ಹೇಳಿ ಬಸ್ ಹಿಡಿದಳು. ಆ ಮಾತಿಗೆ ಗೌಸಮೊದ್ದೀನನ ಕಣ್ಣು ತುಂಬಿ ಬಂದವು. ಅವತ್ತು ಅವನು ಚಹಾಕ್ಕೂ ಏಳಲಿಲ್ಲ.

ಹತ್ತು ಗಂಟೆಗೆ ಪಕ್ಕದ ಮನೆಯ ಶರಣವ್ವ ಹಣಿಕಿ ಹಾಕಿದಳು. ಓಣಿಯಲ್ಲಿ ಯಾರ ಮನೆಯ ಕುಕ್ಕರು ಎಷ್ಟು ಸೀಟಿ ಹೊಡೆಯಿತೆಂದು ಹೇಳಬಲ್ಲ ಹೆಣ್ಣುಮಗಳು ಅವಳು.

“ಗೌಸಣ್ಣಾರ, ಕಡಲಿ ನೆನಿಸೀರಲ್ಲ, ಮನ್ಯಾಗ ಏನರ ಕಾರ್ಯಕ್ರಮ ಐತೇನ್ರಿ?”

ಬೀಜ ಎನ್ನಬೇಕು, ಔಷಧ ಎನ್ನಬೇಕು, ಅರ್ಧ ಎಚ್ಚರ ಎನ್ನಬೇಕು. ಅಷ್ಟೆಲ್ಲ ಯಾರು ಹೇಳುತ್ತಾರೆಂದು ಗೌಸಮೊದ್ದೀನ, “ಏನಿಲ್ರೀ ಅಕ್ಕಾರ, ಹಿಂಗ ಸುಮ್ಮನ” ಎಂದುಬಿಟ್ಟ. ಮುಂದಿನ ರಾಮಾಯಣಕ್ಕೆಲ್ಲ ಈ ‘ಹಿಂಗ ಸುಮ್ಮನ’ವೇ ಮೂಲ.

ಶುಕ್ರವಾರದ ನಮಾಜಿನ ಹೊತ್ತಾಯಿತು. ಅವನು ಟೊಪ್ಪಿಗೆ ಹಾಕಿಕೊಂಡು ಶರಣವ್ವನ ಬಾಗಿಲಿಗೆ ಹೋಗಿ, ತನಗೆ ಜನ್ಮವಿಡೀ ಕಾಟ ಕೊಟ್ಟ ಮಾತನ್ನೇ ಅವಳಿಗೆ ಹೇಳಿದ. “ಅಕ್ಕಾರ, ತಾಟು ಸ್ವಲ್ಪ ನೋಡ್ಕೊಳ್ರಿ. ಇಲಿ ಬಂದಾವು.”

ಎರಡು ಗಂಟೆಗೆ ತಿರುಗಿ ಬಂದಾಗ ಇಲಿ ಬಂದಿರಲಿಲ್ಲ. ಬಿಳಿ ಚೀಟಿಯ ತಟ್ಟೆ ಇತ್ತು, ನೀಲಿ ಚೀಟಿಯದೂ ಇತ್ತು. ಕೆಂಪು ಚೀಟಿಯ ತಟ್ಟೆ ತಿಕ್ಕಿ ತೊಳೆದು ಫಳಫಳ ಹೊಳೆಯುತ್ತಿತ್ತು. ಇಸಿದುಕೊಂಡ ತಟ್ಟೆಯನ್ನು ಖಾಲಿ ತಿರುಗಿಸಬಾರದೆಂದು ಅದರಲ್ಲಿ ಒಂದು ಬಾಳೆಹಣ್ಣು, ಎರಡು ಹೋಳು ಕೊಬ್ಬರಿ ಇದ್ದವು.

“ಐದು ಮಂದಿ ಮುತ್ತೈದೇರ್ನ ಉಡಿ ತುಂಬಾಕ ಕರದಿದ್ನಿ” ಎಂದಳು ಶರಣವ್ವ ನಿರಾಳವಾಗಿ. “ರಾತ್ರಿ ಕಡಲಿ ನೆನಿಸೂದು ಮರತ ಬಿಟ್ಟಿದ್ನಿ ನೋಡ್ರಿ. ದೇವರು ನಡಿಸಿದಾಂಗ ನಿಮ್ಮ ಕಡೆ ಇತ್ತು. ನಾಳೆ ಒಂದು ಸೇರು ತಂದು ಕೊಡ್ತೇನಿ ಬಿಡ್ರಿ.”

“ಮೂರು ತಾಟು ಇದ್ವಲ್ರೀ. ಅದನ್ನ ಯಾಕ ಒಯ್ದ್ರಿ?”

“ಬಿಳಿ ಚೀಟೀದು ನೆನದಿದ್ದಿಲ್ಲ. ಉಳಿದ ಎರಡ್ರಾಗ ಕೆಂಪು ಚೀಟಿ ಮಂಗಳಕರ ಅಲ್ಲೇನ್ರಿ? ಶ್ರಾವಣ ಶುಕ್ರವಾರ ಯಾರರ ನೀಲಿ ಮುಟ್ಟತಾರೇನು?”

ಗೌಸಮೊದ್ದೀನ ಮೋಟರಿನ ಮೇಲೆಯೇ ಕುಸಿದು ಕೂತ. “ಅಕ್ಕಾರ, ಅದು ತಿನ್ನೂದಲ್ಲ, ಬೀಜ. ಔಷಧ ಹಾಕಿದ್ದೈತಿ.”

“ಔಷಧ?” ಶರಣವ್ವನ ದನಿಗೆ ಎದುರು ಮನೆಯ ಕಿಟಕಿ ತೆರೆಯಿತು. ‘ಔಷಧ’ ಎಂದು ಹೊರಟ ಮಾತು ಓಣಿಯ ತಿರುವು ದಾಟುವಷ್ಟರಲ್ಲಿ ‘ವಿಷ’ ಆಗಿತ್ತು.

ಈಗ ಕಾಳು ವಾಪಸು ತರಬೇಕು. ಅದಕ್ಕೂ ಶರಣವ್ವನ ಅಡ್ಡಿ. “ಉಡಿಯಾಗ ಹಾಕಿದ್ದನ್ನ ತಿರುಗಿ ಕೇಳಬಾರದ್ರಿ. ಲಕ್ಷ್ಮಿ ಮನಿ ಬಿಟ್ಟು ಹೋಗ್ತಾಳ.”

“ಕೇಳದಿದ್ರ ನನ್ನ ಮಗಳು ಮನಿ ಬಿಟ್ಟು ಹೋಗ್ತಾಳ್ರಿ.”

ಶರಣವ್ವ ಯಾವ ಶಾಸ್ತ್ರದಲ್ಲೂ ಇಲ್ಲದ ಶಾಸ್ತ್ರವೊಂದನ್ನು ನಿಂತ ಕಾಲ ಮೇಲೆ ಹುಟ್ಟಿಸಿದಳು. ಮತ್ತೊಮ್ಮೆ ಉಡಿ ತುಂಬಿದರೆ ಹಳೆಯದನ್ನು ತೆಗೆದುಕೊಳ್ಳಲು ದೋಷವಿಲ್ಲ, ಆದರೆ ತಾನೇ ಬಂದು ತುಂಬಬೇಕು. ಹಾಗಾಗಿ ಗೌಸಮೊದ್ದೀನ ಮೂಲೆಯ ಕಿರಾಣಿ ಅಂಗಡಿಗೆ ಓಡಿ ಅಕ್ಕಿ, ಬೆಲ್ಲ, ಐದು ತೆಂಗಿನಕಾಯಿ ತಂದ. ಕಾಯಿ ಆರಿಸಿ ಕೊಡುತ್ತ ಅಂಗಡಿಯ ಇಕ್ಬಾಲ ಕೇಳಿದ, “ಯಾಕ ಗೌಸ, ಈ ವರ್ಷ ಶ್ರಾವಣ ಹಿಡದೀಯೇನು?”

ಹಳೆಯ ಸ್ಕೂಟರಿನ ಹಿಂದೆ ಇಳಕಲ್ ಸೀರೆಯ ಶರಣವ್ವ, ಅವಳ ತೊಡೆಯ ಮೇಲೆ ಕಾಯಿಗಳ ಚೀಲ, ಮುಂದೆ ನಮಾಜಿನ ಟೊಪ್ಪಿಗೆ ತೆಗೆಯಲೂ ಪುರಸೊತ್ತಿಲ್ಲದ ಗೌಸಮೊದ್ದೀನ. ಈ ಮೆರವಣಿಗೆ ನೋಡಿ ಬೆಂಗೇರಿ ತನ್ನ ಕೆಲಸ ಬಿಟ್ಟು ನಿಂತಿತು.

ಮೊದಲಿನ ಎರಡು ಮನೆಗಳಲ್ಲಿ ಕಾಳು ಸೆರಗಿನಲ್ಲಿ ಗಂಟು ಕಟ್ಟಿದಂತೆಯೇ ಸಿಕ್ಕವು. ಮೂರನೆಯ ಮನೆಯಲ್ಲಿ ಉಸುಳಿಗೆ ಒಗ್ಗರಣೆ ಚಟಪಟ ಎನ್ನುತ್ತಿತ್ತು. ಕಡಲೆ ಹಿಡಿದ ಕೈ ಬಾಣಲೆಯ ಮೇಲಿತ್ತು. ಗೌಸಮೊದ್ದೀನ ಚಪ್ಪಲಿ ಬಿಡುವುದನ್ನೂ ಮರೆತು ಒಳನುಗ್ಗಿ ಆ ಕೈ ಕೆಳಗೆ ತನ್ನ ಟೊಪ್ಪಿಗೆ ಹಿಡಿದ. ಎಲ್ಲ ಕಾಳು ಅದರೊಳಗೇ ಬಿದ್ದವು.

ನಾಲ್ಕನೆಯ ಮನೆಗೆ ಬೀಗ. ಮನೆಯೊಡೆಯ, ಹತ್ತಿ ವ್ಯಾಪಾರಿ ಕುಮಾರಸ್ವಾಮಿ, ಸೀನು ಬಂದರೂ ಸ್ಕ್ಯಾನ್ ಮಾಡಿಸುವ ಮನುಷ್ಯ. ‘ವಿಷ’ ಎಂಬುದು ಕಿವಿಗೆ ಬಿದ್ದದ್ದೇ ತಡ, ಹೆಂಡತಿ ಶಾಂಭವಿಯನ್ನು ವಿದ್ಯಾನಗರದ ಆಸ್ಪತ್ರೆಯೊಂದಕ್ಕೆ ಸೇರಿಸಿಬಿಟ್ಟಿದ್ದ. ಗೌಸಮೊದ್ದೀನ ಅಂಗಡಿಯಿಂದ ಔಷಧದ ಬಾಟಲಿ ಎತ್ತಿಕೊಂಡು ಶರಣವ್ವನ ಜೊತೆ ಅಲ್ಲಿಗೆ ಸ್ಕೂಟರ್ ಓಡಿಸಿದ. ಕಾಳು ಹೋದರೆ ಮಗಳ ಒಂದು ವರ್ಷ, ಆ ಹೆಣ್ಣುಮಗಳಿಗೆ ಏನಾದರೂ ಆದರೆ ಇವನ ಜನ್ಮವೇ ಹೋದಂತೆ.

ಡಾಕ್ಟರು ಬಾಟಲಿಯ ಚೀಟಿ ಓದಿ ನಕ್ಕರು. “ಇದು ಉಪ್ಪಿನ ಜಾತೀದು, ಅದೂ ಭಾಳ ತೆಳ್ಳಗ ಮಾಡ್ಯಾರ. ಎಷ್ಟು ಕಾಳು ತಿಂದೀರಿ?”

“ಬರೇ ನಾಕ ಕಾಳು ತಿಂದೇನ್ರಿ” ಎಂದಳು ಶಾಂಭವಿ ಹಾಸಿಗೆಯ ಮೇಲೆ ಚಕ್ಕಳಮಕ್ಕಳ ಕೂತು. “ಉಪ್ಪು ಜಾಸ್ತಿ ಆಗೇತಿ ಅಂತ ಆಗಿಂದ ಹೇಳಾಕತ್ತೇನಿ, ಇವರು ಕೇಳವಲ್ರು.”

“ಅಕ್ಕಾರ, ಉಳಿದಾವು ಎಲ್ಲಿ ಅದಾವ್ರಿ?” ಎಂದು ಗೌಸಮೊದ್ದೀನ ಮೆಲ್ಲಗೆ ಕೇಳಿದ.

ಕುಮಾರಸ್ವಾಮಿ ಕೆಂಡವಾದ. “ನನ್ನ ಹೇಂತಿ ಇಲ್ಲಿ ಸಾಯಾಕತ್ತಾಳ, ನಿನಗ ಕಡಲಿ ಚಿಂತಿ?”

“ಸಾಯಾಕತ್ತಿಲ್ಲ ಅಂದ್ರಲ್ರೀ ಡಾಕ್ಟರ್ ಸಾಹೇಬ್ರು.”

ಶರಣವ್ವ ಇಬ್ಬರನ್ನೂ ಸರಿಸಿ ಹಾಸಿಗೆಯ ಮೇಲೆಯೇ ಉಡಿ ತುಂಬಿದಳು. ಹಳೆಯ ಗಂಟು ಕೈಗೆ ಬಂತು. ಇದನ್ನು ನೋಡುತ್ತಿದ್ದ ಪಕ್ಕದ ಹಾಸಿಗೆಯ ಅಜ್ಜಿಯೊಬ್ಬಳು ಸಲೈನ್ ಚುಚ್ಚಿದ ಕೈಯಲ್ಲೇ ಸೆರಗು ಒಡ್ಡಿದಳು. ಶುಕ್ರವಾರ ಒಡ್ಡಿದ ಸೆರಗಿಗೆ ಇಲ್ಲವೆನ್ನಲು ಬರುವುದಿಲ್ಲ. ಐದನೆಯ ಕಾಯಿ ಅಲ್ಲಿ ಖರ್ಚಾಯಿತು.

ಐದನೆಯ ಮುತ್ತೈದೆ ಶರಣವ್ವನ ಸ್ವಂತ ತಂಗಿ. ಉಡಿ ತುಂಬಿಸಿಕೊಂಡು ಶಿರಗುಪ್ಪಿಯ ಬಸ್ಸು ಹತ್ತಿಯಾಗಿತ್ತು. ದಾರಿಯಲ್ಲಿ ಇನ್ನೊಂದು ಕಾಯಿ ಕೊಂಡು ಇವರು ಶಿರಗುಪ್ಪಿ ಮುಟ್ಟಿದಾಗ ಅವಳ ಗಂಡ ಮುರುಗೆಪ್ಪ ಕಟ್ಟೆಯ ಮೇಲೆ ಕೂತು ಕಾಳುಗಳನ್ನು ಅಂಗೈಯಲ್ಲಿ ಹೊರಳಿಸಿ ನೋಡುತ್ತಿದ್ದ.

“ಇದು ಬಿತ್ತೂ ಬೀಜ, ತಿನ್ನೂದಲ್ಲ ಅಂತ ನಾ ಆಗಲೇ ಹೇಳಿದೆ” ಎಂದ ಮುರುಗೆಪ್ಪ. “ನಮ್ಮಪ್ಪನೂ ಹಿಂಗ ನೆನಿಸಿ ಆರಿಸಿ ಬಿತ್ತತಿದ್ದ. ಒಯ್ರಿ. ಆದ್ರ ಎಂಟು ಕಾಳು ನಾ ಬಿಡಂಗಿಲ್ಲ. ನಮ್ಮ ಕರೀ ಎರಿ ಹೊಲದಾಗ ಹಾಕಿ ನೋಡ್ತೇನಿ.”

“ಕಾಕಾ, ನಾನೂರು ಇರಬೇಕ್ರಿ.”

“ನಿನಗ ನಾನೂರು ಬೇಕು, ನನಗ ಎಂಟು ಸಾಕು. ಯಾರಿಗೆ ಆಸೆ ಜಾಸ್ತಿ ಐತಿ, ನೀನ ಹೇಳು.”

ಗೌಸಮೊದ್ದೀನ ಉಳಿದ ಕಾಳು ಕಟ್ಟಿಕೊಂಡು ಸ್ಕೂಟರ್ ತಿರುಗಿಸಿದ. ಐದೂವರೆಗೆ ಅಂಗಡಿ ಸೇರಿ ಮೂರು ಸಲ ಎಣಿಸಿದ. ಮೂರು ಸಲವೂ ಮುನ್ನೂರ ಎಂಬತ್ತೆಂಟು. ನಾಲ್ಕು ಶಾಂಭವಿಯ ಹೊಟ್ಟೆಯಲ್ಲಿ, ಎಂಟು ಮುರುಗೆಪ್ಪನ ರುಮಾಲಿನಲ್ಲಿ. ಇದ್ದವೂ ಉಡಿಯ ಅರಿಶಿನ ಮೆತ್ತಿ ಮದುವೆಯ ಅಕ್ಷತೆಯಂತಾಗಿದ್ದವು. ಕೊನೆಗೆ ಇಕ್ಬಾಲನ ಚೀಲದಿಂದ ಹನ್ನೆರಡು ಕಡಲೆ ಆರಿಸಿ ತಂದು, ಔಷಧದಲ್ಲಿ ಕಾಲು ಗಂಟೆ ಅದ್ದಿ, ಬನಿಯನ್ನಿನಲ್ಲಿ ಒರೆಸಿ, ಶರಣವ್ವನಿಂದ ಚಿಟಿಕೆ ಅರಿಶಿನ ಇಸಿದು ಹಚ್ಚಿ, ತಟ್ಟೆಗೆ ಬೆರೆಸಿದ. ಮೋಟರ್ ಬಿಚ್ಚಿ ಜೋಡಿಸುವವನಿಗೆ ಇದೇನು ಮಹಾ ಎಂದು ಸ್ವಲ್ಪ ಧೈರ್ಯವೂ ಬಂತು.

ಆರಕ್ಕೆ ಸರಿಯಾಗಿ ಯಾಸ್ಮಿನ ಬಂದಳು. ತಟ್ಟೆಯ ಮೇಲೆ ಬಗ್ಗಿ ಅರ್ಧ ನಿಮಿಷ ನೋಡಿದಳು.

“ಅಬ್ಬಾ, ಇದರಾಗ ಹನ್ನೆರಡು ಕಾಳು ನಮ್ಮವಲ್ಲ.”

ಗೌಸಮೊದ್ದೀನ ಪಕ್ಕದ ಮೋಟರಿನ ತಂತಿ ಬಿಚ್ಚತೊಡಗಿದ.

“ಉಳಿದಾವು ನಮ್ಮವ. ಆದ್ರ ಹಳದಿ ಯಾಕ ಆಗ್ಯಾವು?”

ಅವನು ತಲೆ ತಗ್ಗಿಸಿ ಒಂದನ್ನೂ ಮುಚ್ಚಿಡದೆ ಹೇಳಿದ. ಬೈಯುತ್ತಾಳೆ, ಅಳುತ್ತಾಳೆ ಎಂದು ಕಾದ. ಅವಳು ಹನ್ನೆರಡು ಕಾಳು ಹೆಕ್ಕಿ ಪಕ್ಕಕ್ಕಿಟ್ಟು, ಉಳಿದದ್ದನ್ನು ಕಟ್ಟಿಕೊಂಡು ಹೊರಟಳು. ಬೈದಿದ್ದರೆ ಚೆನ್ನಾಗಿತ್ತು. ಅವತ್ತು ಅವನಿಗೆ ಊಟ ಸೇರಲಿಲ್ಲ.

ಮುಂದಿನ ಗುರುವಾರ ಸಂಜೆ ಯಾಸ್ಮಿನ ಪೇಡೆಯ ಡಬ್ಬಿ ಹಿಡಿದು ಓಡಿ ಬಂದಳು. ಮಣ್ಣಿಗೆ ಎಷ್ಟು ಕಡಿಮೆ ನೀರು ಕೊಡಬಹುದೋ ಅಷ್ಟೇ ಕೊಟ್ಟು ಎಲ್ಲ ಕಾಳುಗಳನ್ನೂ ಊರಿದ್ದರಂತೆ. ಬಿಳಿ ಚೀಟಿಯಲ್ಲಿ ಅರ್ಧಕ್ಕೆ ಅರ್ಧ ಏಳಲೇ ಇಲ್ಲ. ನೀಲಿ ಪರವಾಗಿಲ್ಲ. ಕೆಂಪು ಚೀಟಿಯ ಮುನ್ನೂರ ಎಂಬತ್ತೆಂಟರಲ್ಲಿ ಮುನ್ನೂರ ಅರವತ್ತು ಮೊಳೆತು ನಿಂತಿದ್ದವು, ಒಂದಕ್ಕೂ ಬೂಷ್ಟು ಹಿಡಿದಿರಲಿಲ್ಲ.

“ಗೈಡ್ ಸಾಹೇಬ್ರು ಬೆರಗಾಗಿಬಿಟ್ರು ಅಬ್ಬಾ. ಏನು ಮಾಡಿದಿ ಅಂತ ಕೇಳಿದ್ರು. ನಾ ಖರೇ ಹೇಳಿಬಿಟ್ನಿ.”

ಗೌಸಮೊದ್ದೀನ ಎರಡು ಪೇಡೆ ಒಟ್ಟಿಗೇ ಬಾಯಿಗೆ ಹಾಕಿಕೊಂಡ.

“ಸೆರಗಿನ ಗಂಟಿನಾಗ ನಿಧಾನ ಒಣಗಿದ್ದಕ್ಕೋ, ಅರಿಶಿನಕ್ಕೋ, ಸ್ಕೂಟರಿನ ಮ್ಯಾಲೆ ಕುಲುಕಿದ್ದಕ್ಕೋ ಗೊತ್ತಾಗಬೇಕಲ್ಲ ಅಂದ್ರು. ವಿಜ್ಞಾನದಾಗ ಒಂದ್ಸಲ ಆಗಿದ್ದು ಲೆಕ್ಕಕ್ಕಿಲ್ಲಂತ. ಇನ್ನೂ ಮೂರು ಸಲ, ಹೆಂಗ ಆಗಿತ್ತೋ ಹಂಗ ಆಗಬೇಕಂತ. ಅವ ಐದು ಮನಿ, ಅದ ಹಾದಿ, ಅದ ಹೊತ್ತು. ಎಲ್ಲಿಂದಲೋ ಎರಡು ಕಿಲೋ ಬೀಜಾನೂ ತರಿಸ್ಯಾರ.”

ಗೌಸಮೊದ್ದೀನ ಮೂರನೆಯ ಪೇಡೆಯನ್ನು ಡಬ್ಬಿಗೆ ವಾಪಸಿಟ್ಟ. ಗೋಡೆಯ ಆಚೆಯಿಂದ ಶರಣವ್ವನ ದನಿ ಬಂತು. “ಛಲೋ ಆತು ಬಿಡವಾ. ಶ್ರಾವಣದಾಗ ಇನ್ನ ಮೂರ ಶುಕ್ರವಾರ ಉಳದಾವು. ಶಿರಗುಪ್ಪಿಗೆ ಈಗ ಫೋನ್ ಮಾಡ್ತೇನಿ.”

ಅಷ್ಟರಲ್ಲಿ ಕುಮಾರಸ್ವಾಮಿ ಬಾಗಿಲಲ್ಲಿ ನಿಂತಿದ್ದ. ಸುದ್ದಿ ಅವನಿಗೆ ಆಗಲೇ ಮುಟ್ಟಿತ್ತು. “ಗೌಸಣ್ಣಾ, ಆಸ್ಪತ್ರ್ಯಾಗ ಹೋದ ಸಲದ್ದ ಖಾಟು ಹೇಳಿಟ್ಟು ಬಂದೇನಿ. ನಾಳೆ ನಮ್ಮಾಕೀನ ಎಷ್ಟು ಗಂಟೆಕ್ಕ ಸೇರಿಸಲಿ?”

ಗೌಸಮೊದ್ದೀನ ಮಗಳ ಮುಖ ನೋಡಿದ.

“ನಿಮ್ಮ ಮ್ಯಾಲೆ ನನಗ ನಂಬಿಕಿ ಐತಿ ಅಬ್ಬಾ” ಎಂದಳು ಯಾಸ್ಮಿನ.

ಅವನು ಚೀಲ ತೆಗೆದುಕೊಂಡು ಇಕ್ಬಾಲನ ಅಂಗಡಿಗೆ ನಡೆದ. ಈ ಸಲ ಪಕ್ಕದ ಹಾಸಿಗೆಯ ಅಜ್ಜಿಯದೂ ಸೇರಿ ಆರು ಕಾಯಿ ಕೇಳಿದ.